ಖೈತಾನ್ ತಿರುವಿನ ನೀಲಿ ಬೋರ್ಡು

ಕುವೈತಿನ ಖೈತಾನ್‌ನ ಒಳಬೀದಿಗಳಲ್ಲಿ ರೇಸ್ ಕಾರು ಓಡಿಸುವ ಮಾತೆತ್ತಿದರೆ ಅಲ್ಲಿ ಬಾಡಿಗೆಗಿರುವವರೆಲ್ಲ ನಗುತ್ತಾರೆ. ಎರಡೂ ಬದಿ ಅಡ್ಡಾದಿಡ್ಡಿ ನಿಲ್ಲಿಸಿದ ಕಾರುಗಳ ನಡುವೆ ತರಕಾರಿ ಚೀಲ ಹಿಡಿದು ನಡೆಯುವುದೇ ಕಷ್ಟ. ಆದರೆ ಇಂಗ್ಲೆಂಡಿನ ಒಂದು ವಿಡಿಯೊ ಗೇಮ್ ಕಂಪನಿಗೆ ಆ ಬೀದಿಗಳೇ ಬೇಕಾಗಿದ್ದವು. ಅವನ್ನು ಇದ್ದ ಹಾಗೆಯೇ ಕಂಪ್ಯೂಟರಿನಲ್ಲಿ ಕಟ್ಟಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಆ ಕೆಲಸ ನಡೆದ ರೀತಿಯನ್ನು ನೆನೆದರೆ ಒಬ್ಬನೇ ಕೂತಿದ್ದಾಗಲೂ ನನಗೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ನಮ್ಮ ಆಫೀಸು ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಕಾರಿನ ಬಿಡಿಭಾಗ ಮಾರುವ ಅಂಗಡಿಯೊಂದರ ಮೇಲೆ. ಕೆಳಗೆ ದಿನವಿಡೀ ಟಯರು ಬಿಚ್ಚುವ ಸದ್ದು. ಮೇಲೆ ನಾವು ಕೆಲವರು ಏಸಿ ಹಾಕಿಕೊಂಡು, ಇನ್ನೂ ಕಟ್ಟದ ಬಂಗಲೆಗಳ ಹಜಾರ, ಮೆಟ್ಟಿಲು, ಈಜುಕೊಳಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ ಗಿರಾಕಿಗಳಿಗೆ ತೋರಿಸುತ್ತಿದ್ದೆವು. ನಮ್ಮ ಕಫೀಲ್, ಅಂದರೆ ನನ್ನ ವೀಸಾ ಯಾರ ಹೆಸರಿನಲ್ಲಿದೆಯೋ ಆ ಕುವೈತಿ ಮಾಲೀಕ, ಕಾರುಗಳ ಹುಚ್ಚಿನವನು. ಯಾವುದೋ ಕಾರು ಪ್ರದರ್ಶನದಲ್ಲಿ ಇಂಗ್ಲೆಂಡಿನ ಆ ಕಂಪನಿಯವರ ಪರಿಚಯ ಮಾಡಿಕೊಂಡು, ಅವರ ಹೊಸ ರೇಸ್ ಗೇಮಿನ ಕುವೈತ್ ಟ್ರ್ಯಾಕನ್ನು ನಾವೇ ಮಾಡಿಕೊಡುತ್ತೇವೆಂದು ಒಪ್ಪಿಕೊಂಡು ಬಂದ. ಬಂದವನೇ ನನ್ನ ಹೆಗಲು ತಟ್ಟಿ "ಯಲ್ಲಾ", ನಡಿ ಶುರು ಮಾಡು ಎಂದ. ನಾನು ಅಲ್ಲಿಯವರೆಗೆ ಒಂದು ರೇಸ್ ಗೇಮನ್ನೂ ಪೂರ್ತಿ ಆಡಿದವನಲ್ಲ.

ಆ ಕಂಪನಿಯ ಕಥೆಯನ್ನು ಅಲ್ಲಿನ ಚಿತ್ರ ವಿಭಾಗದ ಮುಖ್ಯಸ್ಥೆ ನನಗೆ ವಿಡಿಯೊ ಕಾಲ್‌ಗಳ ಬಿಡುವಿನಲ್ಲಿ ತುಂಡುತುಂಡಾಗಿ ಹೇಳಿದ್ದಳು. ಯಾವುದೋ ಸಣ್ಣ ಊರಿನಲ್ಲಿ, ಮುಚ್ಚಿದ ಬೇಕರಿಯೊಂದರ ಮೇಲೆ, ಸ್ನೇಹಿತರು ಕೆಲವರು ಸೇರಿ ಶುರು ಮಾಡಿದ್ದು. ಕೆಸರಿನ ದಾರಿಯಲ್ಲಿ ಹಳೆಯ ಕಾರು ಓಡಿಸುವ ಅವರ ಮೊದಲ ಗೇಮು ಯಾರೂ ನಿರೀಕ್ಷಿಸದಷ್ಟು ಓಡಿತು. ಎರಡನೆಯದು ಅದಕ್ಕಿಂತ ಹೆಚ್ಚು ಓಡಿ ಪ್ರಶಸ್ತಿ ತಂದಿತು. ಆಗ ದೊಡ್ಡ ಪ್ರಕಾಶನ ಸಂಸ್ಥೆಯೊಂದು ಇಡೀ ಕಂಪನಿಯನ್ನೇ ಕೊಂಡುಕೊಂಡಿತು. ಮೂರನೆಯ ಗೇಮಿನಲ್ಲಿ ಕೆಸರು ಸಾಲದು, ಲೋಕದ ನಗರಗಳೆಲ್ಲ ಬರಬೇಕೆಂದು ಅಪ್ಪಣೆಯಾಯಿತು. ಬೇಕರಿಯ ಮೇಲಿದ್ದಾಗ ತಿನ್ನಲು ಹಳೆಯ ಬ್ರೆಡ್ಡಾದರೂ ಸಿಗುತ್ತಿತ್ತು, ಈಗ ಬರೀ ಮೀಟಿಂಗು ಎಂದು ಅವಳು ನಗುತ್ತಿದ್ದಳು.

ನಾನಿದ್ದದ್ದು ಖೈತಾನ್‌ನಲ್ಲೇ, ಮಂಗಳೂರು ಕಡೆಯವರ ಜೊತೆ ಹಂಚಿಕೊಂಡ ಫ್ಲಾಟಿನಲ್ಲಿ. ತುಮಕೂರಿನವನಾದ ನನಗೆ ತುಳು ಬರುತ್ತಿರಲಿಲ್ಲ. "ಘಟ್ಟದ ಮೇಲಿನವರು" ಎಂದು ಛೇಡಿಸುತ್ತಲೇ ಅವರೆಲ್ಲ ನನಗೋಸ್ಕರ ಕನ್ನಡಕ್ಕೆ ತಿರುಗುತ್ತಿದ್ದರು. ಕೆಳಗಿನ ಬೀದಿಯ ತಿರುವಿನಲ್ಲಿ ಆ ಕಡೆಯವರದೇ ಒಂದು ಉಡುಪಿ ಹೋಟೆಲು, ಒಂದು ಸೆಲೂನು, ಒಂದು ಮೊಬೈಲ್ ರಿಪೇರಿ ಅಂಗಡಿ, ಮತ್ತೆ ನಾವೆಲ್ಲ ಟೈಲರಣ್ಣ ಎಂದು ಕರೆಯುತ್ತಿದ್ದವರ ಹೊಲಿಗೆ ಅಂಗಡಿ. ಮುಖ್ಯಸ್ಥೆಗೆ ಫೋನಿನಲ್ಲಿ ತೆಗೆದ ಆ ತಿರುವಿನ ಚಿತ್ರ ಕಳಿಸಿದಾಗ ಅವಳು ಕುಣಿದಾಡಿದಳು. ಗಾಜಿನ ಕಟ್ಟಡಗಳು ಎಲ್ಲ ನಗರದಲ್ಲೂ ಒಂದೇ, ಬೇಕಾದದ್ದು ಇಂಥ ಜಾಗ, ಇಂಥ ಬೋರ್ಡು ಎಂದಳು.

ನಾನು ಅಂಗಡಿಯಿಂದ ಅಂಗಡಿಗೆ ಹೋಗಿ ಒಪ್ಪಿಗೆ ಕೇಳಿದೆ. ನಿಮ್ಮ ಅಂಗಡಿ, ನಿಮ್ಮ ಬೋರ್ಡು ಗೇಮಿನಲ್ಲಿ ಬರುತ್ತದೆ, ಲೋಕದಲ್ಲಿ ಯಾರು ಆಡಿದರೂ ಕಾಣುತ್ತದೆ ಎಂದೆ. ಸ್ವಲ್ಪ ಹೆಚ್ಚೇ ಹೇಳಿದೆನೇನೋ. ಎಲ್ಲರೂ ಸಹಿ ಹಾಕಿದರು. ಸರ್ಕಾರಿ ಕಚೇರಿಗಳಿಗೆ ಓಡಾಡುವ ನಮ್ಮ ಆಫೀಸಿನ ಮಂದೂಬ್ ಬೀದಿಯಲ್ಲಿ ಫೋಟೊ ತೆಗೆಯುವ ಪರವಾನಗಿ ತಂದುಕೊಟ್ಟ. ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ, ಬೀದಿ ಇನ್ನೂ ಮಲಗಿರುವಾಗ, ಗಾಳಿಯಲ್ಲಿ ತೆಳುವಾಗಿ ಧೂಳಿರುವ ದಿನ ನೋಡಿ ಹೋಗಬೇಕೆಂದು ನಿಶ್ಚಯಿಸಿದ್ದೆ. ಧೂಳಿದ್ದರೆ ಬಿಸಿಲು ಮಬ್ಬಾಗಿ ಗಾಢ ನೆರಳು ಬೀಳುವುದಿಲ್ಲ. ನೆರಳು ಬಿದ್ದ ಫೋಟೊವನ್ನು ಗೇಮಿನ ಗೋಡೆಗೆ ಅಂಟಿಸಿದರೆ, ಗೇಮಿನ ಸೂರ್ಯ ಒಂದು ಕಡೆ, ಗೋಡೆಯ ನೆರಳು ಇನ್ನೊಂದು ಕಡೆ ಆಗಿಬಿಡುತ್ತದೆ.

ಟ್ರೈಪಾಡು ಹೊತ್ತು ತಿರುವಿಗೆ ಬಂದು ನೋಡಿದರೆ ಬೀದಿಯೇ ಬದಲಾಗಿತ್ತು. ಹೋಟೆಲಿನ ಬೋರ್ಡಿಗೆ ಹೊಸ ಬಣ್ಣ, ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ. ಸೆಲೂನಿನವರು ಸೀರಿಯಲ್ ಲೈಟು ಬಿಟ್ಟಿದ್ದರು. ಮೊಬೈಲ್ ಅಂಗಡಿಯವರು ಹಳೆಯ ಬೋರ್ಡನ್ನೇ ಕಿತ್ತು ಮಿರಮಿರ ಮಿನುಗುವ ಹೊಸದನ್ನು ಹಾಕಿಸಿದ್ದರು. ಹೋಟೆಲಿನ ಮಾಲೀಕರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹಣೆಗೆ ಗಂಧ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಹಳೆಯದಾಗಿದ್ದದ್ದೇ ಬೇಕಾಗಿತ್ತು ಎಂದು ನಾನು ತೊದಲಿದೆ.

"ಫೋಟೊ ತೆಗಿಲಿಕ್ಕೆ ಬರ್ತೇನೆ ಅಂತ ಹೇಳಿದ್ದು ನೀವೇ ಅಲ್ವಾ ಮಾರಾಯ್ರೇ? ಮತ್ತೆ ಮುಖ ತೊಳೆಯದೆ ಕೂತುಕೊಳ್ಳುವುದಾ?" ಎಂದರು ಅವರು.

ಅವರದು ತಪ್ಪಲ್ಲ. ನಮ್ಮ ಕಡೆ ಫೋಟೊ ಎಂದರೆ ಅದೇ ಅಲ್ಲವೇ. ತಲೆ ಬಾಚಿ, ಗುಂಡಿ ಹಾಕಿ, ಉಸಿರು ಬಿಗಿಹಿಡಿದು ನಿಲ್ಲುವುದು. ಬೀದಿಗೂ ಅವರು ಅದನ್ನೇ ಮಾಡಿದ್ದರು.

ಮುಖ ತೊಳೆಯದೆ ಉಳಿದದ್ದು ಟೈಲರಣ್ಣನ ಅಂಗಡಿ ಒಂದೇ. ಅವರದು ತಗಡಿನ ಬೋರ್ಡು, ಕೈಯಲ್ಲಿ ಬರೆದದ್ದು. ನೀಲಿಯ ಮೇಲೆ ಹಳದಿ ಅಕ್ಷರ, ಒಂದು ಮೂಲೆಯಲ್ಲಿ ಕತ್ತರಿಯ ಚಿತ್ರ. ಮೇಲೆ ಅರಬ್ಬಿ, ನಡುವೆ ಇಂಗ್ಲಿಷು, ಕೆಳಗೆ ಪುಟ್ಟದಾಗಿ ಕನ್ನಡದಲ್ಲಿ ಅವರ ತಾಯಿಯ ಹೆಸರು. ಬಿಸಿಲಿಗೆ ನೀಲಿ ಬೆಳ್ಳಗಾಗಿ, ಅಂಚುಗಳಲ್ಲಿ ತುಕ್ಕು ಹಿಡಿದು, ಆ ಬೋರ್ಡು ಬೀದಿಯ ವಯಸ್ಸನ್ನೆಲ್ಲ ತಾನೇ ಹೊತ್ತಂತಿತ್ತು. ಭಾರತೀಯ ಶಾಲೆಗಳು ತೆರೆಯುವ ಸಮಯವಾದ್ದರಿಂದ ಯೂನಿಫಾರ್ಮಿನ ರಾಶಿ ಬಿದ್ದಿದೆ, ಪೇಂಟ್ ಹೊಡೆಯಲು ಪುರುಸೊತ್ತೇ ಆಗಲಿಲ್ಲ, ಇನ್ನೊಂದು ವಾರ ತಡೆಯಿರಿ ಎಂದು ಅವರು ಬೇಡಿಕೊಂಡರು. ನಾನು ತಡೆಯಲಿಲ್ಲ. ನೇರವಾಗಿ, ಓರೆಯಾಗಿ, ಹತ್ತಿರದಿಂದ, ತುಕ್ಕಿನ ಒಂದೊಂದು ಚೂರೂ ಕಾಣುವಂತೆ ತೆಗೆದೆ.

ಫೋಟೊಗಳು ತಲುಪಿದ ದಿನ ಮುಖ್ಯಸ್ಥೆ ಆ ಬೋರ್ಡನ್ನು ತನ್ನ ತಂಡಕ್ಕೆಲ್ಲ ತೋರಿಸಿದಳಂತೆ. ಉಳಿದ ಅಂಗಡಿಗಳಲ್ಲಿ ಏನು ಹಬ್ಬ ಎಂದು ಕೇಳಿದಳು. ಆ ಹಬ್ಬವನ್ನೆಲ್ಲ ಅಳಿಸಿ, ಹೊಸ ಬಣ್ಣದ ಮೇಲೆ ನಾನು ಕಂಪ್ಯೂಟರಿನಲ್ಲಿ ಧೂಳು ಬಳಿಯುತ್ತಾ ಕೂತೆ. ಟೈಲರಣ್ಣನ ಬೋರ್ಡಿಗೆ ಮಾತ್ರ ಏನೂ ಬಳಿಯಬೇಕಾಗಲಿಲ್ಲ. ನಿಮ್ಮ ಬೋರ್ಡೇ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ ಎಂದು ಅವರಿಗೆ ಹೇಳಿದಾಗ ಅವರು ನಂಬಲಿಲ್ಲ. ನಂಬಿದ ಮೇಲೆ ಊರಿಗೆ ಫೋನು ಮಾಡಿದರು. ಅವರ ಪುಳ್ಳಿ, ಅಂದರೆ ಮೊಮ್ಮಗಳು, ಅದೇ ಕಂಪನಿಯ ಕೆಸರಿನ ಗೇಮು ಆಡುವವಳು. "ಅಜ್ಜನ ಅಂಗಡಿ ಗೇಮಲ್ಲಿ ಬರ್ತದೆ ಅಂತ ಇಡೀ ಕ್ಲಾಸಿಗೆ ಹೇಳಿದ್ದಾಳಂತೆ" ಎಂದು ಟೈಲರಣ್ಣ ನನಗೆ ಚಹಾ ತರಿಸಿದರು. ಅಲ್ಲಿಂದ ಮುಂದೆ ಆ ಅಂಗಡಿಯನ್ನು ನಾನು ಚಹಾ ಕುಡಿಯದೆ ದಾಟಿದ್ದಿಲ್ಲ.

ಟ್ರ್ಯಾಕು ಒಂದು ಹದಕ್ಕೆ ಬಂದ ಮೇಲೆ ತೊಂದರೆ ಶುರುವಾಯಿತು. ಶುವೈಖ್‌ನ ಗೋದಾಮುಗಳ ಬಳಿ ಹೊರಟ ಕಾರು ಹೆದ್ದಾರಿಯಲ್ಲಿ ನೀರಿನಂತೆ ಹರಿಯುತ್ತಿತ್ತು. ಖೈತಾನ್ ತಿರುವಿಗೆ ಬಂದೊಡನೆ ಗೇಮು ತಡವರಿಸುತ್ತಿತ್ತು. ಪರದೆಯ ಮೇಲೆ ಒಂದರ ಹಿಂದೊಂದು ಬರಬೇಕಾದ ಚಿತ್ರಗಳು ತಡವಾಗಿ ಬಂದು, ಕಾರು ಕುಂಟಿದಂತೆ ಕಾಣುತ್ತಿತ್ತು. ರೇಸ್ ಗೇಮಿನಲ್ಲಿ ಅದಕ್ಕಿಂತ ದೊಡ್ಡ ಅಪರಾಧ ಇಲ್ಲ. ತಿರುವಿನಲ್ಲಿ ಕುಂಟಿದರೆ ಆಡುವವನು ಗೋಡೆಗೆ ಗುದ್ದುತ್ತಾನೆ.

ಇಂಗ್ಲೆಂಡಿನ ಕಂಪನಿಯ ತಾಂತ್ರಿಕ ಮುಖ್ಯಸ್ಥ ಕಡಿಮೆ ಮಾತಿನವನು. ಖೈತಾನ್ ಭಾಗವನ್ನು ಪೂರ್ತಿ ಕತ್ತರಿಸಿ, ಹೆದ್ದಾರಿಯಿಂದ ನೇರ ಸಮುದ್ರದ ದಂಡೆಗೆ ಜೋಡಿಸಿಬಿಡೋಣ ಎಂದ. ನಾನು ಬೇಡ ಎಂದೆ, ಒಂದು ವಾರ ಕೊಡಿ ಎಂದೆ. ಮೊದಲು ಬಾಲ್ಕನಿಯಲ್ಲಿ ಒಣಗುವ ಬಟ್ಟೆಗಳನ್ನು ತೆಗೆದೆ. ಕಿಟಕಿ ಏಸಿಗಳನ್ನು ಬರೀ ಡಬ್ಬಿಗಳನ್ನಾಗಿ ಮಾಡಿದೆ. ಮಾಳಿಗೆಯ ನೀರಿನ ಟ್ಯಾಂಕು, ಡಿಶ್ ಆಂಟೆನಾಗಳನ್ನು ಅಳಿಸಿದೆ. ಕಾರು ಇನ್ನೂ ಕುಂಟುತ್ತಿತ್ತು. ಅಳೆದು ನೋಡಿದರೆ ಯಂತ್ರದ ಮೆಮೊರಿಯನ್ನು ತಿನ್ನುತ್ತಿದ್ದದ್ದು ಬೋರ್ಡುಗಳು. ಒಂದೊಂದು ಬೋರ್ಡಿಗೂ ಒಂದೊಂದು ದೊಡ್ಡ ಚಿತ್ರ, ತುಕ್ಕಿನ ಚೂರುಗಳ ಸಮೇತ.

ತಿರುವಿನ ಎದುರು ಬದಿಗೆ ಒಂದು ಕಾರ್ ಶೋರೂಮಿನ ಭಾರೀ ಬೋರ್ಡು ಇತ್ತು. ನಿಜವಾದ ಖೈತಾನ್‌ನಲ್ಲಿ ಅಂಥದ್ದು ಅಲ್ಲಿಲ್ಲ. ಜಾಹೀರಾತು ಕೊಟ್ಟವರೆಂದು ಗೇಮಿನಲ್ಲಿ ತಂದು ನಿಲ್ಲಿಸಿದ್ದರು. ಅದನ್ನು ಮುಟ್ಟುವಂತಿಲ್ಲ ಎಂದು ಕರಾರಿತ್ತು. ಉಳಿದದ್ದು ಹೋಟೆಲು, ಸೆಲೂನು, ಮೊಬೈಲು, ಟೈಲರು. ನಾನು ಆ ಎಲ್ಲ ಬೋರ್ಡುಗಳನ್ನೂ ಅಂಚೆಚೀಟಿಯ ಹಾಗೆ ಕುಗ್ಗಿಸಿ, ಒಂದೇ ಹಾಳೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ಮತ್ತೆ ಹಿಗ್ಗಿಸಿ ಅಂಗಡಿಗಳ ಮೇಲೆ ಅಂಟಿಸಿದೆ. ಹತ್ತಿರ ಹೋಗಿ ನೋಡಿದರೆ ಬಣ್ಣದ ಕಲೆ, ಅಕ್ಷರವಿಲ್ಲ. ರೇಸಿನ ವೇಗದಲ್ಲಿ ನೋಡಿದರೆ ಬೋರ್ಡು ಬೋರ್ಡಿನ ಹಾಗೆಯೇ ಇತ್ತು. ಕಾರು ತಿರುವನ್ನು ಬೆಣ್ಣೆಯಂತೆ ದಾಟಿತು.

ತಾಂತ್ರಿಕ ಮುಖ್ಯಸ್ಥ ಮೊದಲ ಬಾರಿಗೆ ನನ್ನನ್ನು ಹೊಗಳಿದ. ಗೇಮಿನ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ನನ್ನದನ್ನು ಪ್ರತ್ಯೇಕವಾಗಿ ಹಾಕುತ್ತೇವೆ ಎಂದ. ನಾನು ಉಬ್ಬಿಹೋದೆ. ಖೈತಾನ್ ಉಳಿಸಿದವನು ನಾನೇ ಎಂದುಕೊಂಡು ಮನೆಗೆ ಬರುವಾಗ ಟೈಲರಣ್ಣ ಅಂಗಡಿಯಿಂದಲೇ ಕೂಗಿ, ನಮ್ಮ ಬೋರ್ಡು ಹೇಗೆ ಕಾಣುತ್ತದೆ ಎಂದು ಕೇಳಿದರು.

"ಸೂಪರಾಗಿದೆ ಅಣ್ಣ" ಎಂದೆ.

ಹಾಗೆ ಹೇಳಿ ಒಳಗೆ ಹೋಗಿ ಚಹಾ ಕುಡಿದೆ. ನಾಚಿಕೆಯಾಯಿತೇ ಎಂದರೆ ಆಯಿತು. ಆದರೆ ಕಾರು ನಿಲ್ಲಿಸಿ ಬೋರ್ಡು ಓದುವವರು ಯಾರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಕೆಲವು ತಿಂಗಳು ಬಾಳಿತು.

ಈ ನಡುವೆ ಟೈಲರಣ್ಣನ ಕಟ್ಟಡವನ್ನು ಕೆಡವುತ್ತಾರೆಂದು ಅದರ ಮಾಲೀಕನಿಂದ ನೋಟಿಸು ಬಂತು. ಅವರು ಇನ್ನೊಂದು ಅಂಗಡಿ ಹುಡುಕಲು ಹೋಗಲಿಲ್ಲ. ಕಣ್ಣಿಗೆ ಸೂಜಿ ಸಿಗುವುದಿಲ್ಲ, ಇನ್ನು ಊರಿಗೆ ಹೋಗಿ ಮಗಳ ಮನೆಯ ಹತ್ತಿರ ಇರುತ್ತೇನೆ ಎಂದರು. ಗೇಮು ಬಿಡುಗಡೆಯಾಗುವಾಗ ಮೊಮ್ಮಗಳ ಪಕ್ಕದಲ್ಲಿ ಕೂತಿರುತ್ತೇನೆ ಎಂದು ಸಂತೋಷವಾಗಿಯೇ ಹೇಳಿದರು.

ಒಂದು ದಿನ ಬೆಳಿಗ್ಗೆ ವಿಡಿಯೊ ಕಾಲಿಗೆ ಕೂತರೆ ಆ ಕಡೆಯಿಂದ ಯಾರೂ ಬರಲಿಲ್ಲ. ಮಧ್ಯಾಹ್ನ ಮುಖ್ಯಸ್ಥೆ ತನ್ನ ಸ್ವಂತ ಫೋನಿನಿಂದ ಸಂದೇಶ ಕಳಿಸಿದಳು. ಪ್ರಕಾಶನ ಸಂಸ್ಥೆ ಗೇಮನ್ನು ಕೈಬಿಟ್ಟಿದೆ, ಕಂಪನಿಯನ್ನು ಮುಚ್ಚುತ್ತಿದೆ, ಎಲ್ಲರನ್ನೂ ಕ್ಯಾಂಟೀನಿನಲ್ಲಿ ನಿಲ್ಲಿಸಿ ಹೇಳಿದರು. ಸರ್ವರು ಸಂಜೆಯವರೆಗೆ ತೆರೆದಿರುತ್ತದೆ, ಆಮೇಲೆ ಖಾಯಂ ಮುಚ್ಚುತ್ತದೆ, ನಿನ್ನ ಕೆಲಸದ ಮಾದರಿ ಏನಾದರೂ ಬೇಕಿದ್ದರೆ ಈಗಲೇ ತೆಗೆದುಕೊ ಎಂದು ಬರೆದಿದ್ದಳು. ಕೊನೆಯಲ್ಲಿ ಕ್ಷಮಿಸು ಎಂದಿತ್ತು. ಅವಳೇ ಕೆಲಸ ಕಳೆದುಕೊಂಡಿದ್ದಳು, ನನ್ನ ಕ್ಷಮೆ ಕೇಳುತ್ತಿದ್ದಳು.

ಕಫೀಲನಿಗೆ ಹೇಳಿದೆ. ಅವನು ಎರಡೂ ಕೈ ಜಾಡಿಸಿ "ಖಲಾಸ್" ಎಂದ. ನಾಳೆಯಿಂದ ಮತ್ತೆ ಬಂಗಲೆ ಎಂದ. ನನ್ನ ತಲೆಯಲ್ಲಿ ಓಡಿದ್ದು ನನ್ನ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮತ್ತು ನನ್ನ ಮುಂದಿನ ಕೆಲಸ. ಸಂಜೆಯವರೆಗೆ ಕೂತು ನನ್ನ ಕೈಚಳಕ ತೋರಿಸುವಂಥದ್ದನ್ನೆಲ್ಲ ಇಳಿಸಿಕೊಂಡೆ. ಗೋದಾಮುಗಳ ಮೇಲೆ ಬೀಳುವ ಸಂಜೆ ಬೆಳಕು, ಹೆದ್ದಾರಿಯ ಮೇಲ್ಸೇತುವೆ, ಹೊಳೆಯುವ ಕಾರ್ ಶೋರೂಮು. ಹೌದು, ಶೋರೂಮಿನ ಬೋರ್ಡನ್ನೂ ಇಳಿಸಿಕೊಂಡೆ, ಚೆನ್ನಾಗಿ ಕಾಣುತ್ತಿತ್ತು. ಖೈತಾನ್‌ನ ಮೂಲ ಫೋಟೊಗಳು ಅದೇ ಸರ್ವರಿನ ಇನ್ನೊಂದು ಮೂಲೆಯಲ್ಲಿದ್ದವು. ಕರಾರಿನ ಪ್ರಕಾರ ನಮ್ಮ ಆಫೀಸಿನ ಪ್ರತಿಗಳನ್ನು, ನನ್ನ ಫೋನಿನಲ್ಲಿದ್ದವನ್ನೂ ಸೇರಿಸಿ, ಯಾವಾಗಲೋ ಶಿಸ್ತಾಗಿ ಅಳಿಸಿದ್ದೆ. ಆ ಸಂಜೆ ಅವು ನನ್ನ ನೆನಪಿಗೇ ಬರಲಿಲ್ಲ. ನೆನಪಾದದ್ದು ಮರುದಿನ, ಟೈಲರಣ್ಣನ ಅಂಗಡಿ ದೂರದಿಂದ ಕಂಡಾಗ.

ಆಮೇಲೆ ನಾನು ಆ ತಿರುವಿನಲ್ಲಿ ನಡೆಯುವುದನ್ನೇ ಬಿಟ್ಟೆ. ಹಿಂದಿನ ಗಲ್ಲಿಯಿಂದ ಸುತ್ತಿ ಫ್ಲಾಟು ಸೇರುತ್ತಿದ್ದೆ. ಪ್ಯಾಂಟಿನ ಅಂಚು ಬಿಚ್ಚಿದಾಗ ಬೇರೆ ಕಡೆ ಹೊಲಿಸಿದೆ. ಹೋಟೆಲಿಗೆ ಹೋಗದೆ ಬ್ರೆಡ್ಡು, ಮೊಟ್ಟೆ ತಿಂದೆ. ಸುದ್ದಿ ಹೇಗೂ ಫ್ಲಾಟಿನವರಿಂದ ಬೀದಿಗೆ ಇಳಿದಿತ್ತು. ಯಾರೂ ನನ್ನನ್ನು ತಡೆದು ಕೇಳಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

ಟೈಲರಣ್ಣ ಊರಿಗೆ ಹೊರಡುವ ವಾರ ಬಸ್ಸು ಹಿಡಿದು ಶುವೈಖ್‌ನ ಆಫೀಸಿಗೇ ಬಂದರು. ಕೈಯಲ್ಲಿ ಹೋಟೆಲಿನವರು ಕಟ್ಟಿಕೊಟ್ಟ ಮಂಗಳೂರು ಬನ್ಸಿನ ಪೊಟ್ಟಣ, ಇನ್ನೂ ಬಿಸಿ ಇತ್ತು. ಘಟ್ಟದ ಮೇಲಿನವರು ಊಟ ಬಿಟ್ಟಿದ್ದಾರಾ ಎಂದು ಹೋಟೆಲಿನವರು ಕೇಳಿದ್ದನ್ನೂ ತಿಳಿಸಿದರು. ನಾನು ಕುರ್ಚಿ ಎಳೆದುಕೊಟ್ಟು, ಅಣ್ಣ, ಕಂಪನಿ ಮುಚ್ಚಿಹೋಯಿತು, ಗೇಮು ಬರುವುದಿಲ್ಲ ಎಂದೆ. ಅವರಿಗೆ ಗೊತ್ತಿತ್ತು.

"ಮುಚ್ಚಿದ್ರೆ ಮುಚ್ಚಲಿ ಇಂಜಿನಿಯರೇ. ನೀವು ಮಾಡಿದ್ದು ಉಂಟಲ್ಲ? ಅದನ್ನೊಮ್ಮೆ ತೋರಿಸಿ. ಪುಳ್ಳಿಗೆ ನಾನು ನೋಡಿ ಬಂದೆ ಅಂತಾದ್ರೂ ಹೇಳ್ತೇನೆ."

ಪರೀಕ್ಷೆಗೆಂದು ಇಂಗ್ಲೆಂಡಿನವರು ಕೊಟ್ಟಿದ್ದ, ಗೇಮು ಆಡುವ ಯಂತ್ರವೊಂದು ನಮ್ಮಲ್ಲಿ ಉಳಿದಿತ್ತು. ಯಾರಾದರೂ ಬಂದು ಒಯ್ಯುವವರೆಗೆ ಇರಲಿ ಎಂದು ಕಫೀಲ್ ಮೂಲೆಗಿಟ್ಟಿದ್ದ. ಅದರಲ್ಲಿ ಅರ್ಧಂಬರ್ಧ ಗೇಮು ಇನ್ನೂ ಓಡುತ್ತಿತ್ತು. ಇಲ್ಲ, ಹಾಳಾಗಿದೆ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅವರು ಆಗಲೇ ಕನ್ನಡಕ ಒರೆಸಿಕೊಳ್ಳುತ್ತಿದ್ದರು, ನಾನು ಯಂತ್ರ ಚಾಲೂ ಮಾಡಿದೆ.

ನಾನು ಓಡಿಸಿದೆ, ಅವರು ಪಕ್ಕದಲ್ಲಿ ಕೂತರು. ಗೋದಾಮುಗಳು ಹೋದವು, ಹೆದ್ದಾರಿ ಹೋಯಿತು. ಖೈತಾನ್ ಹತ್ತಿರವಾದಂತೆ ವೇಗ ಹೆಚ್ಚಿಸಿದೆ, ಬೇಕೆಂದೇ ಹೆಚ್ಚಿಸಿದೆ. ತಿರುವಿನಲ್ಲಿ ನೀಲಿ ಬಣ್ಣ ಮಿಂಚಿ ಮರೆಯಾಯಿತು. ಟೈಲರಣ್ಣ ಕುರ್ಚಿಯಿಂದ ಅರ್ಧ ಎದ್ದು, ಅದೇ, ನಮ್ಮದೇ ಎಂದರು. ಅಷ್ಟಕ್ಕೇ ಮುಗಿದಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ.

"ಸ್ವಲ್ಪ ಹಿಂದೆ ತೆಗೊಳ್ಳಿ" ಎಂದರು. "ಬೋರ್ಡಿನ ಹತ್ತಿರ ಒಮ್ಮೆ ನಿಲ್ಲಿಸಿ. ಅಮ್ಮನ ಹೆಸರು ನೋಡುವ."

ಕಾರನ್ನು ಹಿಂದೆ ತಂದು ಅಂಗಡಿಯ ಎದುರು ನಿಲ್ಲಿಸಿದೆ. ನೀಲಿಯೊಳಗೆ ಹಳದಿ ಕಲಸಿಹೋಗಿತ್ತು. ಕತ್ತರಿ ಇದ್ದ ಕಡೆ ಬೂದು ಬಣ್ಣದ ಒಂದು ಗಂಟು. ಕೆಳಗಿನ ಸಾಲಿನಲ್ಲಿ ಹೆಸರಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಒಂದು ಪಟ್ಟೆ. ಅವರು ಪರದೆಯ ಹತ್ತಿರ ಬಾಗಿದರು, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ದೋಷ ಕಣ್ಣಿನದೆಂದು ಅವರು ತಿಳಿದಿದ್ದಾರೆಂದು ನನಗೆ ಹೊಳೆದಾಗ ತಡೆದುಕೊಳ್ಳಲಾಗಲಿಲ್ಲ.

"ಕಣ್ಣಲ್ಲ ಅಣ್ಣ. ನಾನೇ ಅಳಿಸಿದ್ದು. ಕಾರು ಸರಿಯಾಗಿ ಓಡಲಿ ಅಂತ ಬೋರ್ಡುಗಳನ್ನೆಲ್ಲ ಸಣ್ಣದು ಮಾಡಿದೆ."

ಎದುರು ಬದಿಯ ಶೋರೂಮಿನ ಬೋರ್ಡು ಅಕ್ಷರ ಅಕ್ಷರವಾಗಿ ಥಳಥಳಿಸುತ್ತಿತ್ತು. ಅವರ ಕಣ್ಣು ಅದರ ಮೇಲೆ ಹೋಗಿ ವಾಪಸು ಬಂತು.

ನಾಳೆ ಬೆಳಿಗ್ಗೆಯೇ ಬಂದು ನಿಮ್ಮ ಬೋರ್ಡಿನ ಫೋಟೊ ಮತ್ತೆ ತೆಗೆಯುತ್ತೇನೆ, ದೊಡ್ಡದಾಗಿ ಪ್ರಿಂಟು ಹಾಕಿಸಿ, ಚೌಕಟ್ಟು ಕಟ್ಟಿಸಿ ಕೊಡುತ್ತೇನೆ ಎಂದು ನಾನು ಗಡಬಡಿಸಿ ಹೇಳಿದೆ.

"ಬೋರ್ಡು ಎಲ್ಲುಂಟು?" ಎಂದರು ಟೈಲರಣ್ಣ. "ಮೊನ್ನೆ ಅಂಗಡಿ ಖಾಲಿ ಮಾಡುವಾಗ ಗುಜರಿಯವನು ಕೊಂಡುಹೋದ. ಊರಿಗೆ ಹೊತ್ತುಕೊಂಡು ಹೋಗುವ ಅಂತಲೇ ಬಿಚ್ಚಿಸಿದ್ದು. ವಿಮಾನದಲ್ಲಿ ಅಷ್ಟುದ್ದದ ತಗಡು ಹಾಕಿಸಿಕೊಳ್ತಾರೋ ಇಲ್ವೋ. ಹೇಗೂ ನಿಮ್ಮ ಹತ್ತಿರ ಉಂಟಲ್ಲ ಅಂತ ಬಿಟ್ಟೆ."

ಕೆಳಗೆ ಯಾರೋ ಟಯರಿಗೆ ಗಾಳಿ ತುಂಬುತ್ತಿದ್ದರು. ಬನ್ಸಿನ ಪೊಟ್ಟಣ ನನ್ನ ಮೇಜಿನ ಮೇಲೆ ಎಣ್ಣೆ ಬಿಡುತ್ತಿತ್ತು. ಅವರು ಬೈದಿದ್ದರೆ ನನಗೆ ಉಸಿರಾದರೂ ಬರುತ್ತಿತ್ತು. ಬೈಯುವುದಕ್ಕೆ ಬದಲು ಅವರು ಜೇಬಿನಿಂದ ಫೋನು ತೆಗೆದರು.

"ಇನ್ನೊಮ್ಮೆ ಓಡಿಸಿ. ಪುಳ್ಳಿಗೆ ವಿಡಿಯೊ ಕಳಿಸುವ. ಆ ತಿರುವಲ್ಲಿ ನಿಧಾನ ಮಾಡ್ಬೇಡಿ."

ನಾನು ಮೊದಲಿನಿಂದ ಹೊರಟೆ. ಎಲ್ಲೂ ಗುದ್ದಲಿಲ್ಲ. ಗೋದಾಮು, ಹೆದ್ದಾರಿ, ಖೈತಾನ್. ತಿರುವಿನಲ್ಲಿ ನೀಲಿ ಮಿಂಚಿದಾಗ ಟೈಲರಣ್ಣ ಫೋನಿನತ್ತ ಮೊಮ್ಮಗಳ ಹೆಸರು ಹಿಡಿದು ಕರೆದು "ತೂಲ, ಉಂದುವೇ ನಮ್ಮ ಅಂಗಡಿ" ಎಂದರು. ನೋಡು, ಇದೇ ಎಂಬಷ್ಟು ತುಳು ನನಗೆ ಅರ್ಥವಾಗುತ್ತಿತ್ತು. ಆಮೇಲೆ ಅವರು ಕನ್ನಡಕ್ಕೆ ತಿರುಗಿದರು, ಬಹುಶಃ ನನಗೂ ತಿಳಿಯಲಿ ಎಂದು.

"ಇದನ್ನು ಮಾಡಿದ್ದು ಇವರು. ನಮ್ಮವರೇ."

ಫೋನು ನನ್ನ ಮುಖದ ಕಡೆ ತಿರುಗಿತು. ನಾನು ನಕ್ಕೆ.